ವುಲ್ಟನ್ ಪೈ ಮತ್ತು ಒಂದು ಬೊಗಸೆ ಗಂಜಿ

ಕ್ಯಾಸರೋಲ್ ಎಂದರೆ ನಮ್ಮ ಮನೆಗಳಲ್ಲಿ ಚಪಾತಿ ಬಿಸಿಯಾಗಿಡುವ ಡಬ್ಬಿ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಒಂದರ ಹಿಂದೊಂದು ಬಂದು ಕೊನೆಗೆ ಅಟ್ಟ ಸೇರುವ ವಸ್ತು. ಆ ಮಾತು ಹುಟ್ಟಿದ ಫ್ರಾನ್ಸಿನಲ್ಲಿ ಅದು ಅಡುಗೆ ಮಾಡುವ ಪಾತ್ರೆ. ಇಂಗ್ಲಿಷರ ಬಾಯಿಗೆ ಬಂದ ಮೇಲೆ ಓವನ್ನಿನೊಳಗೆ ಇಡುವ, ಮುಚ್ಚಳವಿರುವ ದಪ್ಪ ಪಾತ್ರೆಯಾಯಿತು; ಬರಬರುತ್ತ ಅದರೊಳಗೆ ಬೆಂದ ಅಡುಗೆಗೂ ಅದೇ ಹೆಸರು ನಿಂತಿತು. ಎರಡು ಲೋಟ ಕುಡಿದೆ ಎಂದರೆ ಲೋಟವನ್ನೇ ಕುಡಿದಂತೆ ಆಗುವುದಿಲ್ಲವಲ್ಲ, ಹಾಗೆ.

ತರಕಾರಿಗಳನ್ನು ಹೆಚ್ಚಿ, ಅರೆಬೇಯಿಸಿ, ಮೇಲೊಂದು ಹೊದಿಕೆ ಹಾಕಿ, ಓವನ್ನಿನಲ್ಲಿಟ್ಟು ಕೆಂಪಗೆ ಮಾಡುವ ಈ ಬಗೆಯ ಅಡುಗೆ ನಮಗೂ ಹೊಸದಲ್ಲ. ಮಹಿಳಾ ಪತ್ರಿಕೆಗಳ ಅಡುಗೆ ಪುಟಗಳಲ್ಲಿ 'ಬೇಕ್ಡ್ ವೆಜಿಟೇಬಲ್ಸ್' ಎಂದು ಎಷ್ಟೋ ಬಾರಿ ಬಂದಿದೆ. ಅಲ್ಲೆಲ್ಲ ಬೆಣ್ಣೆ, ಹಾಲು, ಚೀಸುಗಳದ್ದೇ ಧಾರಾಳ. ಹಾಗಾಗಿ ಇದು ಉಳ್ಳವರ ಮನೆಯ ಅಡುಗೆ, ಪಾರ್ಟಿಗಳ ಅಡುಗೆ ಎಂದೇ ನಮ್ಮ ಎಣಿಕೆ. ಆದರೆ ಈ ವಂಶದಲ್ಲಿ ಚರಿತ್ರೆಯ ಪುಸ್ತಕಗಳಿಗೆ ಸೇರಿದ ಒಂದು ಅಡುಗೆ ಇದೆ. ಅದರಲ್ಲಿ ಚೀಸೂ ಇಲ್ಲ, ಹಾಲಿನ ಕೆನೆಯೂ ಇಲ್ಲ, ಮಾಂಸವಂತೂ ಇಲ್ಲವೇ ಇಲ್ಲ. ಅವೆಲ್ಲ ಸಿಗದ ಕಾಲದಲ್ಲಿಯೇ ಅದು ಹುಟ್ಟಿದ್ದು. ಅದರ ಹೆಸರು ವುಲ್ಟನ್ ಪೈ. ಒಂದು ದೇಶ ತನ್ನಲ್ಲಿದ್ದಷ್ಟು ಊಟವನ್ನು ಹೇಗೆ ಹಂಚಿಕೊಂಡಿತು ಎಂಬುದರ ಕತೆ ಅದು. ಅದೇ ದೇಶದ ಸರ್ಕಾರ ತಾನು ಆಳುತ್ತಿದ್ದ ಇನ್ನೊಂದು ನಾಡಿನ ಹಸಿವಿನ ಮುಂದೆ ಹೇಗೆ ನಡೆದುಕೊಂಡಿತು ಎಂಬ ಕತೆಯೂ ಅದರ ಬೆನ್ನಿಗೇ ಇದೆ. ಆ ಇನ್ನೊಂದು ನಾಡು ನಮ್ಮದು.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಬ್ರಿಟನ್ ತಾನು ತಿನ್ನುವುದರಲ್ಲಿ ಮೂರನೆಯ ಎರಡರಷ್ಟನ್ನು ಹಡಗುಗಳಲ್ಲಿ ಹೊರಗಿನಿಂದ ತರಿಸಿಕೊಳ್ಳುತ್ತಿತ್ತು. ಗೋಧಿ, ಮಾಂಸ, ಸಕ್ಕರೆ, ಬೆಣ್ಣೆ ಎಲ್ಲವೂ ಸಮುದ್ರದ ಮೇಲೇ ಬರಬೇಕು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಮುಳುಗಿಸತೊಡಗಿದವು. 1940ರ ಜನವರಿ 8ರಂದು ಬೇಕನ್, ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂತು. ಅದೇ ವರ್ಷ ಮಾಂಸಕ್ಕೆ ಬಂತು, ಚಹಾಕ್ಕೆ ಬಂತು, ಮರುವರ್ಷ ಚೀಸಿಗೆ. ಒಬ್ಬ ವಯಸ್ಕರಿಗೆ ವಾರಕ್ಕೆ ಸುಮಾರು 55 ಗ್ರಾಂ ಚಹಾಪುಡಿ, ಹೆಚ್ಚುಕಡಿಮೆ ಅಷ್ಟೇ ಬೆಣ್ಣೆ, ಒಂದು ಮೊಟ್ಟೆ. ದಿನಕ್ಕೆ ನಾಲ್ಕು ಸಲ ಚಹಾ ಕಾಯಿಸುವ ಮನೆಗಳಲ್ಲಿ 55 ಗ್ರಾಂ ಪುಡಿ ವಾರವಿಡೀ ಹೇಗೆ ಬಂದೀತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಈರುಳ್ಳಿ. ಬ್ರಿಟನ್ನಿಗೆ ಅದು ಹೆಚ್ಚಾಗಿ ಫ್ರಾನ್ಸಿನ ಬ್ರಿಟನಿ ಪ್ರಾಂತದಿಂದ, ಚಾನಲ್ ದ್ವೀಪಗಳಿಂದ ಬರುತ್ತಿತ್ತು. 1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತಿತು, ಚಾನಲ್ ದ್ವೀಪಗಳೂ ಜರ್ಮನರ ವಶವಾದವು, ಈರುಳ್ಳಿ ಪೇಟೆಯಿಂದ ಮಾಯವಾಯಿತು. ಲಾಟರಿಯಲ್ಲಿ ಗೆದ್ದವರಿಗೆ ಬಹುಮಾನವಾಗಿ ಒಂದು ಈರುಳ್ಳಿ ಕೊಡುವವರೆಗೂ ಹೋಯಿತು! 1998ರಲ್ಲಿ ಈರುಳ್ಳಿಯ ಬೆಲೆಯಿಂದಾಗಿ ದೆಹಲಿಯಲ್ಲಿ ಒಂದು ಸರ್ಕಾರವೇ ಚುನಾವಣೆ ಸೋತದ್ದನ್ನು ಕಂಡ ನಮಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

1940ರ ಏಪ್ರಿಲಿನಲ್ಲಿ ಲಾರ್ಡ್ ವುಲ್ಟನ್ ಆಹಾರ ಮಂತ್ರಿಯಾದರು. ಮೊದಲ ಹೆಸರು ಫ್ರೆಡರಿಕ್ ಮಾರ್ಕ್ವಿಸ್. ಹುಟ್ಟು ಶ್ರೀಮಂತರಲ್ಲ, ತರುಣರಾಗಿದ್ದಾಗ ಲಿವರ್‌ಪೂಲ್ ಬಂದರಿನ ಬಡವರ ಕೇರಿಯಲ್ಲಿದ್ದು ಸಮಾಜಸೇವೆ ಮಾಡಿದವರು, ಆಮೇಲೆ ದೊಡ್ಡ ಅಂಗಡಿಯೊಂದರ ಆಡಳಿತ ನೋಡಿಕೊಂಡವರು. ಬಡತನ, ವ್ಯಾಪಾರ ಎರಡನ್ನೂ ಬಲ್ಲವರು. ಹೊರಗಿನಿಂದ ಬರುವುದಕ್ಕೆ ರೇಷನ್ನು ಹಾಕಿ, ನೆಲದಲ್ಲಿ ಬೆಳೆಯುವುದನ್ನು ಹೊಟ್ಟೆ ತುಂಬ ತಿನ್ನಿಸುವುದು ಅವರ ಇಲಾಖೆಯ ಉಪಾಯ. ತರಕಾರಿಗೆ ರೇಷನ್ ಇರಲಿಲ್ಲ. ಹೂದೋಟಗಳನ್ನು, ಉದ್ಯಾನಗಳನ್ನು ಅಗೆದು ಆಲೂಗೆಡ್ಡೆ, ಕೋಸು, ಕ್ಯಾರೆಟ್ ಹಾಕಿದರು. ಆಲೂಗೆಡ್ಡೆಗೆ ಕೈಕಾಲು ಬರೆದು 'ಪೊಟ್ಯಾಟೊ ಪೀಟ್' ಎಂದೂ, ಕ್ಯಾರೆಟ್ಟಿಗೆ ಚೀಲ ಕೊಟ್ಟು 'ಡಾಕ್ಟರ್ ಕ್ಯಾರೆಟ್' ಎಂದೂ ಚಿತ್ರ ಹಂಚಿದರು. ಬ್ರಿಟನ್ನಿನ ವಿಮಾನ ಚಾಲಕರು ರಾತ್ರಿಯಲ್ಲೂ ಶತ್ರುವಿನ ವಿಮಾನ ಹೊಡೆದುರುಳಿಸುವುದು ಕ್ಯಾರೆಟ್ ತಿನ್ನುವುದರಿಂದ ಎಂಬ ಸುದ್ದಿ ಹುಟ್ಟಿದ್ದೂ ಆಗಲೇ. ನಿಜವಾದ ಗುಟ್ಟು ವಿಮಾನಗಳಲ್ಲಿದ್ದ ರೇಡಾರ್. ನಾವೂ ಮಕ್ಕಳಿಗೆ 'ಕ್ಯಾರೆಟ್ ತಿನ್ನು, ಕಣ್ಣಿಗೆ ಒಳ್ಳೆಯದು' ಎನ್ನುತ್ತೇವೆ. ಅದು ಸುಳ್ಳಲ್ಲ. ಆದರೆ ಕ್ಯಾರೆಟ್ ತಿಂದವರಿಗೆ ಕತ್ತಲಲ್ಲಿ ವಿಮಾನ ಕಾಣುತ್ತದೆ ಎಂಬುದು ಯುದ್ಧಕಾಲದ ಉತ್ಪ್ರೇಕ್ಷೆ.

ಬೆಳೆಸಿದ್ದೇನೋ ಆಯಿತು, ತಿನ್ನಿಸುವುದು ಹೇಗೆ? ಇಂಗ್ಲಿಷರ ತಟ್ಟೆಯಲ್ಲಿ ನಡುವೆ ಮಾಂಸ, ಪಕ್ಕದಲ್ಲಿ ತರಕಾರಿ. ತರಕಾರಿ ಮಾತ್ರ ಇಟ್ಟರೆ ಅದು ಊಟವೇ ಅಲ್ಲ. ಆಗ ಲಂಡನ್ನಿನ ಸವಾಯ್ ಹೋಟೆಲಿನ ಮುಖ್ಯ ಬಾಣಸಿಗರಾಗಿದ್ದ ಫ್ರಾನ್ಸ್ವಾ ಲಾಟ್ರಿ ಒಂದು ಪೈ ರೂಪಿಸಿದರು. ಅದಕ್ಕೆ ಮಂತ್ರಿಯ ಹೆಸರನ್ನೇ ಇಟ್ಟರು. 1941ರ ಏಪ್ರಿಲ್ 26ರಂದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಅದನ್ನು ಮಾಡುವ ವಿಧಾನವನ್ನು ಪ್ರಕಟಿಸಿತು.

ವಿಧಾನ ಬಹಳ ಸುಲಭ. ಆಲೂಗೆಡ್ಡೆ, ಹೂಕೋಸು, ಕ್ಯಾರೆಟ್, ಜೊತೆಗೆ ಟರ್ನಿಪ್ ಜಾತಿಯ ಸ್ವೀಡ್ ಎಂಬ ಹಳದಿ ಗೆಡ್ಡೆ, ಇವು ಒಂದೊಂದೂ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಈರುಳ್ಳಿ ಸೊಪ್ಪು ಮೂರು ನಾಲ್ಕು ಗಿಡ. ತರಕಾರಿಯ ಸತ್ವ ಒಂದು ಚಮಚ. ಓಟ್ಸ್ ಹಿಟ್ಟು ಒಂದು ದೊಡ್ಡ ಚಮಚ. ತರಕಾರಿ ಮುಳುಗುವಷ್ಟು ಮಾತ್ರ ನೀರು ಹಾಕಿ ಹತ್ತು ನಿಮಿಷ ಬೇಯಿಸಬೇಕು. ತಳ ಹಿಡಿಯದಂತೆ ಆಗಾಗ ಕೈಯಾಡಿಸಬೇಕು. ಓಟ್ಸಿನಿಂದ ನೀರು ಮಂದವಾಗುತ್ತದೆ. ಆರಿದ ಮೇಲೆ ಬೇಕಿಂಗ್ ಪಾತ್ರೆಗೆ ಸುರಿದು, ಪಾರ್ಸ್ಲಿ ಸೊಪ್ಪು ಉದುರಿಸಿ, ಆಲೂಗೆಡ್ಡೆಯ ಅಥವಾ ಇಡಿಗೋಧಿ ಹಿಟ್ಟಿನ ಹೊದಿಕೆ ಹಾಕಿ, ಹದವಾದ ಶಾಖದ ಓವನ್ನಿನಲ್ಲಿ ಕೆಂಪಗಾಗುವವರೆಗೆ ಇಡಬೇಕು. ಬಿಸಿಬಿಸಿಯಾಗಿ ಕಂದು ಗ್ರೇವಿಯೊಂದಿಗೆ ಬಡಿಸಬೇಕು.

ತರಕಾರಿ ಬೆಂದ ನೀರನ್ನು ಇಲ್ಲಿ ಚೆಲ್ಲುವುದಿಲ್ಲ ಎಂಬುದನ್ನು ಗಮನಿಸಿ. ಇಂಗ್ಲಿಷರಿಗೆ ಕೋಸನ್ನು ಮೆತ್ತಗೆ ಬೇಯಿಸಿ ನೀರನ್ನು ಮೋರಿಗೆ ಬಸಿಯುವ ಅಭ್ಯಾಸ. ಆ ನೀರಿನಲ್ಲೇ ಜೀವಸತ್ವ ಹೋಗುತ್ತದೆಂದು ಆಹಾರ ಇಲಾಖೆ ಕರಪತ್ರ ಹಂಚಿ ಹೇಳಬೇಕಾಯಿತು. ಸೊಪ್ಪು, ಕಾಳು ಬೆಂದ ನೀರನ್ನು ಬಸಿದು ಅದರಲ್ಲೇ ಬಸ್ಸಾರು ಮಾಡುವ ನಮ್ಮ ಹಳೇ ಮೈಸೂರಿನ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಸ್ವೀಡ್ ಬದಲು ನವಿಲುಕೋಸು, ಪಾರ್ಸ್ಲಿ ಬದಲು ಕೊತ್ತಂಬರಿ ಸೊಪ್ಪು. ಹೊದಿಕೆಗೆ ಇನ್ನೊಂದು ಅರ್ಧ ಕಿಲೋ ಆಲೂಗೆಡ್ಡೆಯನ್ನು ಬೇಯಿಸಿ, ನುಣ್ಣಗೆ ಕಿವುಚಿ, ಉಪ್ಪು ಬೆರೆಸಿ, ಎರಡು ಬೆರಳು ದಪ್ಪ ಹರಡಿ, ಮುಳ್ಳುಚಮಚದಿಂದ ಗೆರೆ ಎಳೆದರೆ ಆ ಗೆರೆಗಳ ಏಣು ಚೆನ್ನಾಗಿ ಕೆಂಪಾಗುತ್ತದೆ. 200 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆಯ ಮೇಲೆ ಐದು ನಿಮಿಷ ಸಾಕು. ಐದಾರು ಜನರಿಗೆ ಹೊಟ್ಟೆ ತುಂಬುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯನ್ನು ಕಾವಲಿಯ ಮೇಲಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬಹುದು. ಮೇಲೆ ಕೆಂಪಾಗುವುದಿಲ್ಲ, ಅಷ್ಟೆ. ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುವ ಪದ್ಧತಿ ನಮ್ಮ ಕರಾವಳಿಯ ಕೆಲವು ಮನೆಗಳಲ್ಲಿತ್ತು. ಅದೂ ಓವನ್ನೇ ಸರಿ.

ನಾನು ಒಂದು ಚಳಿಗಾಲದಲ್ಲಿ, ಮೂಲದಲ್ಲಿ ಇದ್ದ ಹಾಗೆಯೇ, ಒಗ್ಗರಣೆ ಮಸಾಲೆಗಳ ಸುಳಿವೂ ಇಲ್ಲದೆ ಮಾಡಿದೆ. ಮನೆಯವರು ಒಂದು ತುತ್ತು ತಿಂದು ಉಪ್ಪಿನಕಾಯಿ ಭರಣಿಯತ್ತ ಕೈ ಚಾಚಿದರು. ನನಗೆ ಅನ್ನಿಸಿದ್ದೂ ಅದೇ: ಹಸಿವಿಗೆ ಒಳ್ಳೆಯದು, ನಾಲಿಗೆಗೆ ಸಪ್ಪೆ. ಮರುದಿನ ಹಸಿಮೆಣಸು, ಶುಂಠಿ, ಜೀರಿಗೆ, ನಿಂಬೆರಸ ಸೇರಿದ ಮೇಲೆ ಪಾತ್ರೆ ಖಾಲಿಯಾಯಿತು. ಆದರೆ ಅಂದಿನ ಇಂಗ್ಲೆಂಡಿನ ಗೃಹಿಣಿಗೆ ಈ ದಾರಿ ಇರಲಿಲ್ಲ. ನಿಂಬೆಹಣ್ಣು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು.

ವುಲ್ಟನ್ ಪೈಯನ್ನು ಜನ ಮೆಚ್ಚಲಿಲ್ಲ. ಗಂಡಸರು ಗೊಣಗಿದರು, ಪತ್ರಿಕೆಗಳು ಹಾಸ್ಯ ಮಾಡಿದವು. ಆದರೂ ಅದು, ಅದರಂಥ ನೂರಾರು ಅಡುಗೆಗಳು, ಮನೆಮನೆಯಲ್ಲಿ ಬೆಂದವು. ಬೇಯಿಸಿದವರು ಯಾರು? ಹೆಸರು ಲಾರ್ಡ್ ವುಲ್ಟನ್ನರದು, ವಿಧಾನ ಸವಾಯ್ ಬಾಣಸಿಗರದು. ಕೈ ಮಾತ್ರ ಕಾರ್ಖಾನೆಯ ಪಾಳಿ ಮುಗಿಸಿ, ಅಂಗಡಿಯ ಮುಂದೆ ಸಾಲು ನಿಂತು, ಸೈರನ್ ಕೂಗುವಷ್ಟರಲ್ಲಿ ಒಲೆ ಹಚ್ಚುತ್ತಿದ್ದ ಹೆಂಗಸರದು. ಒಂದೇ ಅಡುಗೆಗೆ ಓವನ್ ಹಚ್ಚಬಾರದು, ಹಚ್ಚಿದರೆ ಅದರಲ್ಲೇ ಮೂರು ನಾಲ್ಕು ಬೇಯಿಸಿಕೊಳ್ಳಬೇಕು ಎಂಬುದು ಸರ್ಕಾರದ ಇನ್ನೊಂದು ಬುದ್ಧಿಮಾತು, ಇಂಧನಕ್ಕೂ ಅಭಾವವಿತ್ತಲ್ಲ. ಕುದಿಯುವ ಪಾತ್ರೆಯನ್ನು ಒಣಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಹುದುಗಿಸಿಟ್ಟು, ತನ್ನ ಬಿಸಿಯಲ್ಲಿ ತಾನೇ ಬೇಯಲು ಬಿಟ್ಟು, ಕೆಲಸಕ್ಕೆ ಹೋಗುವವರೂ ಇದ್ದರು. ನಮ್ಮ ಚಪಾತಿ ಡಬ್ಬಿಯ ತತ್ವವೇ ಅದು.

ಬೆಳಿಗ್ಗೆ 8.15ಕ್ಕೆ ಬಿಬಿಸಿ ರೇಡಿಯೋದಲ್ಲಿ 'ಕಿಚನ್ ಫ್ರಂಟ್' ಎಂಬ ಐದು ನಿಮಿಷದ ಕಾರ್ಯಕ್ರಮ ಬರುತ್ತಿತ್ತು. 'ಗರ್ಟ್' ಮತ್ತು 'ಡೇಸಿ' ಎಂಬ ಹೆಸರಿನಲ್ಲಿ ಹಾಸ್ಯ ಮಾಡುತ್ತಿದ್ದ ಅಕ್ಕತಂಗಿಯರಾದ ಎಲ್ಸಿ ಮತ್ತು ಡೋರಿಸ್ ವಾಟರ್ಸ್ ಅದರಲ್ಲಿ ನಗಿಸುತ್ತಲೇ ಅಡುಗೆ ಹೇಳುತ್ತಿದ್ದರು. ಮಾರ್ಗರಿಟ್ ಪ್ಯಾಟನ್ ಅವರಂಥ ಸಲಹೆಗಾರ್ತಿಯರು ಆಹಾರ ಇಲಾಖೆಯ ಪರವಾಗಿ ಅಡುಗೆ ಮಾಡಿ ತೋರಿಸುತ್ತಿದ್ದರು. ಇವರೆಲ್ಲರ ಹಿಂದೆ ಇನ್ನೊಬ್ಬ ಹೆಣ್ಣುಮಗಳಿದ್ದರು, ಎಲ್ಸಿ ವಿಡೋಸನ್. ಕೇಂಬ್ರಿಡ್ಜಿನಲ್ಲಿ ಆಹಾರದ ವಿಜ್ಞಾನಿ. ರೇಷನ್ ಜಾರಿಯಾಗುವುದಕ್ಕೂ ಮೊದಲೇ, 1939ರ ಕೊನೆಯಲ್ಲಿ, ಅವರೂ ರಾಬರ್ಟ್ ಮೆಕ್ಯಾನ್ಸ್ ಎಂಬ ವೈದ್ಯವಿಜ್ಞಾನಿಯೂ ಕೆಲವು ಸಂಗಡಿಗರೂ ತಮ್ಮ ಮೇಲೇ ಒಂದು ಪ್ರಯೋಗ ಮಾಡಿಕೊಂಡರು. ಹೊರಗಿನಿಂದ ಏನೂ ಬಾರದೆ ಹೋದರೆ ದೇಶದಲ್ಲಿ ಎಷ್ಟು ಉಳಿದೀತೋ ಅಷ್ಟನ್ನೇ ಮೂರು ತಿಂಗಳು ತಿಂದರು. ವಾರಕ್ಕೆ ಒಂದು ಮೊಟ್ಟೆ, ಅಳೆದ ಮಾಂಸ, ಚೂರು ಬೆಣ್ಣೆ. ಬ್ರೆಡ್ಡು, ಆಲೂಗೆಡ್ಡೆ, ತರಕಾರಿ ಮಾತ್ರ ಬೇಕಾದಷ್ಟು. ಆಮೇಲೆ 1940ರ ಜನವರಿಯ ಹಿಮದಲ್ಲಿ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳನ್ನು ಹತ್ತಿ ಇಳಿದು ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಂಡರು. ಆರೋಗ್ಯಕ್ಕೆ ಏನೂ ಊನವಾಗಿರಲಿಲ್ಲ. ಸುಣ್ಣಾಂಶ ಮಾತ್ರ ಸಾಲದೆಂದು ಕಂಡಿತು; ಮುಂದೆ ಬ್ರೆಡ್ಡಿನ ಹಿಟ್ಟಿಗೆ ಅದನ್ನು ಬೆರೆಸುವ ಕ್ರಮ ಬಂತು. ಅಡುಗೆಯ ಉಪದೇಶ ಮಾಡುವ ಮೊದಲು ತಾವೇ ಉಂಡು ನೋಡಿದ ಆ ವಿಡೋಸನ್ 2000ದಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ.

ಇಷ್ಟೆಲ್ಲ ಗೊಣಗಾಟದ ನಡುವೆಯೂ ಜನ ಆ ರೇಷನ್ನನ್ನು ಸಹಿಸಿದ್ದೇಕೆ? ರಾಜಮನೆತನಕ್ಕೂ ರೇಷನ್ ಪುಸ್ತಕವಿತ್ತು. ಗರ್ಭಿಣಿಯರಿಗೆ ಹಸಿರು ಬಣ್ಣದ ಬೇರೆ ಪುಸ್ತಕ: ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು, ಹಣ್ಣು ಬಂದಾಗ ಮೊದಲ ಆಯ್ಕೆ, ಮೊಟ್ಟೆಯಲ್ಲಿ ಇಮ್ಮಡಿ ಪಾಲು. ಐದು ವರ್ಷದೊಳಗಿನ ಮಕ್ಕಳಿಗೆ ಕಡಿಮೆ ಬೆಲೆಗೆ ಅಥವಾ ಉಚಿತವಾಗಿ ಹಾಲು. ಇದರ ಫಲ ಕಣ್ಣಿಗೆ ಕಂಡಿತು. ಬಾಂಬು ಬೀಳುತ್ತಿದ್ದ ದೇಶದಲ್ಲಿ ಶಿಶುಮರಣ ಕಡಿಮೆಯಾಯಿತು. ಯುದ್ಧಕ್ಕೆ ಮೊದಲು ಅರೆಹೊಟ್ಟೆಯಲ್ಲಿದ್ದ ಬಡವರು ಯುದ್ಧಕಾಲದಲ್ಲಿ ಮೊದಲಿಗಿಂತ ಚೆನ್ನಾಗಿ ಉಂಡರು. ಎಲ್ಲವೂ ಸಮಾನವಾಗಿತ್ತೆಂದು ಹೇಳಲಾರೆ. ದುಡ್ಡಿದ್ದವರು ಹೋಟೆಲುಗಳಲ್ಲಿ ರೇಷನ್ನಿನ ಲೆಕ್ಕವಿಲ್ಲದೆ ತಿನ್ನಬಹುದಿತ್ತು. ಬಡವರ ಪೈ ರೂಪಿಸಿದ ಸವಾಯ್ ಕೂಡ ಅಂಥದೇ ಹೋಟೆಲು. ಜನರ ಸಿಟ್ಟು ಏರಿದ ಮೇಲೆ, 1942ರಲ್ಲಿ, ಹೋಟೆಲಿನ ಒಂದು ಊಟಕ್ಕೆ ಐದು ಶಿಲ್ಲಿಂಗಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ನಿಯಮ ಬಂತು. ಹಂಚಿಕೆಯಲ್ಲಿ ಮೋಸ ಕಂಡರೆ ಕೇಳುವ ಬಾಯಿ ಆ ಜನಕ್ಕಿತ್ತು. ಕೇಳಿಸಿಕೊಳ್ಳುವ ಅಗತ್ಯವೂ ಸರ್ಕಾರಕ್ಕಿತ್ತು.

ಅದೇ ಸರ್ಕಾರದ ಅಧೀನದಲ್ಲಿದ್ದ ಬಂಗಾಳದಲ್ಲಿ ಅದೇ ವರ್ಷಗಳಲ್ಲಿ ನಡೆದದ್ದೇನು? 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಸರ್ಕಾರ ಬಂಗಾಳದ ಕರಾವಳಿಯಲ್ಲಿ ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿತು, ನಾಶಮಾಡಿತು. ಮೀನುಗಾರರ ಬದುಕೇ ಹೋಯಿತು. ಅಕ್ಟೋಬರಿನಲ್ಲಿ ಮೇದಿನೀಪುರಕ್ಕೆ ಚಂಡಮಾರುತ ಬಡಿಯಿತು. ಅಕ್ಕಿಯ ಬೆಲೆ ಕೂಲಿಯವರ ಕೈಗೆ ಎಟುಕದ ಎತ್ತರಕ್ಕೆ ಹೋಯಿತು. ಯುದ್ಧಕ್ಕೆ ಬೇಕಾದ ಕಲ್ಕತ್ತೆಯ ಕಾರ್ಖಾನೆಗಳ ಕೆಲಸಗಾರರಿಗೆ ಅಕ್ಕಿಯ ಏರ್ಪಾಡಾಯಿತು. ಹಳ್ಳಿಯ ಭೂಮಿಯಿಲ್ಲದ ಕೂಲಿಗಳಿಗೆ ಯಾವ ಪುಸ್ತಕವೂ ಇರಲಿಲ್ಲ, ಯಾವ ಬಣ್ಣದ್ದೂ ಇರಲಿಲ್ಲ. 1943ರಲ್ಲಿ ಅವರು ಕಲ್ಕತ್ತೆಗೆ ನಡೆದು ಬಂದರು. ಮನೆಮನೆಯ ಬಾಗಿಲಲ್ಲಿ ನಿಂತು ಅವರು ಬೇಡುತ್ತಿದ್ದದ್ದು ಅನ್ನವನ್ನಲ್ಲ. 'ಫ್ಯಾನ್ ದಾಓ' ಎನ್ನುತ್ತಿದ್ದರು. ಫ್ಯಾನ್ ಎಂದರೆ ಅನ್ನ ಬಸಿದ ಗಂಜಿ. ಅನ್ನ ಕೇಳಿದರೆ ಯಾರೂ ಕೊಡಲಾರರು ಎಂದು ಅವರಿಗೆ ಗೊತ್ತಿತ್ತು.

ಆ ವರ್ಷದ ಆಗಸ್ಟಿನಲ್ಲಿ 'ದಿ ಸ್ಟೇಟ್ಸ್‌ಮನ್' ಪತ್ರಿಕೆ ಕಲ್ಕತ್ತೆಯ ಬೀದಿಬದಿಯಲ್ಲಿ ಸಾಯುತ್ತಿದ್ದವರ ಚಿತ್ರಗಳನ್ನು ಅಚ್ಚು ಹಾಕಿತು. ಭಾರತಕ್ಕೆ ಐದು ಲಕ್ಷ ಟನ್ ಧಾನ್ಯ ಬೇಕೆಂಬ ಕೋರಿಕೆ ಲಂಡನ್ನಿನ ಯುದ್ಧ ಸಂಪುಟದ ಮುಂದೆ ಹೋದಾಗ, ಹಡಗುಗಳಿಲ್ಲ ಎಂಬ ಕಾರಣ ಬಂತು. ಸಿಕ್ಕಿದ್ದು ಕೇಳಿದ್ದಕ್ಕಿಂತ ಬಹಳ ಕಡಿಮೆ. 1945ರ ಸರ್ಕಾರಿ ವಿಚಾರಣಾ ಆಯೋಗವೇ ಸತ್ತವರು 15 ಲಕ್ಷ ಎಂದಿತು. ಮುಂದೆ ಲೆಕ್ಕ ಹಾಕಿದವರಲ್ಲಿ ಹಲವರು ಅದನ್ನು 30 ಲಕ್ಷದವರೆಗೂ ಒಯ್ದಿದ್ದಾರೆ. ಆಗ ಶಾಂತಿನಿಕೇತನದಲ್ಲಿದ್ದ ಬಾಲಕನೊಬ್ಬ ಹಸಿದವರ ಸಾಲುಗಳನ್ನು ಕಣ್ಣಾರೆ ಕಂಡಿದ್ದ. ಅಮರ್ತ್ಯ ಸೇನ್ ಎಂಬ ಆ ಬಾಲಕ ಅರ್ಥಶಾಸ್ತ್ರಜ್ಞನಾಗಿ 1981ರಲ್ಲಿ ಬರೆದ ಪುಸ್ತಕದಲ್ಲಿ, ಆ ಸಾವುಗಳಿಗೆ ಮುಖ್ಯ ಕಾರಣ ಅಕ್ಕಿಯೇ ಇಲ್ಲದ್ದಲ್ಲ, ಅಕ್ಕಿ ಕೊಳ್ಳುವ ಶಕ್ತಿ ಒಂದು ವರ್ಗದ ಜನರ ಕೈತಪ್ಪಿದ್ದು ಎಂದು ವಾದಿಸಿದರು.

ವುಲ್ಟನ್ ಪೈಯ ಕತೆಯನ್ನು ಇಂಗ್ಲಿಷರು ಇಂದಿಗೂ ನಗುತ್ತ, ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಭಿಮಾನ ಪಡುವಂಥದೇ ಅದು. ಆದರೆ ಆ ಪೈಯನ್ನು ಓದುವಾಗ ನನಗೆ ಗಂಜಿಯೂ ನೆನಪಾಗುತ್ತದೆ. ಕೊರತೆಯಲ್ಲಿ ಹಂಚುವುದು ಹೇಗೆಂದು ಆ ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು. ಹಸಿರು ಪುಸ್ತಕದಲ್ಲಿ ಬಸುರಿಯ ಮೊಟ್ಟೆಯನ್ನೂ ಎಣಿಸಿಟ್ಟಿತ್ತು. ಯಾರನ್ನು ತಮ್ಮವರೆಂದು ಎಣಿಸಿತು ಎಂಬುದೇ ವ್ಯತ್ಯಾಸ.

ನಮ್ಮ ದೇಶದ ರೇಷನ್ ಪದ್ಧತಿ ಗಟ್ಟಿಯಾದದ್ದು ಈ ದುರಂತದ ದಿನಗಳಲ್ಲೇ. ಮುಂಬಯಿಯಲ್ಲಿ 1943ರಲ್ಲಿ, ಕಲ್ಕತ್ತೆಯಲ್ಲಿ 1944ರ ಆರಂಭದಲ್ಲಿ ಅದು ಜಾರಿಗೆ ಬಂತು. ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲೆಲ್ಲ ರೇಷನ್ ಬೇಕೆಂದು 1943ರ ಆಹಾರಧಾನ್ಯ ನೀತಿ ಸಮಿತಿ ಶಿಫಾರಸು ಮಾಡಿತು. ಮುಂದೆ 1960ರ ದಶಕದ ಬರಗಾಲದಲ್ಲಿ ಅಮೆರಿಕದ ಗೋಧಿ ಬಂದಾಗ, ಅನ್ನ ಮುದ್ದೆಗಳನ್ನಷ್ಟೇ ಬಲ್ಲ ನಮ್ಮ ತಾಯಂದಿರು 'ರೇಸನ್ ಗೋಧಿ'ಯಲ್ಲಿ ಚಪಾತಿ ಒತ್ತುವುದನ್ನು ಕಲಿತರು. ಆ ಚಪಾತಿಯನ್ನೂ ಮನೆಯ ಗಂಡಸರು ಗೊಣಗುತ್ತಲೇ ತಿಂದರು. ಇಂದು ನಮ್ಮಲ್ಲಿ ಚಪಾತಿ ಮಾಡದ ಮನೆ ಯಾವುದಿದೆ?

ಸೀಮೆಎಣ್ಣೆಯ ಡಬ್ಬ, ಸಕ್ಕರೆಯ ಬಟ್ಟೆಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ನಮ್ಮ ಕಡೆಯೂ ಹೆಂಗಸರೇ ಹೆಚ್ಚು. ಕಾರ್ಡಿನ ಮೇಲೆ ಯಜಮಾನ ಎಂದು ಇರುತ್ತಿದ್ದದ್ದು ಮಾತ್ರ ಗಂಡಸಿನ ಹೆಸರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಬದಲಿಸಿತು. ಅದರಡಿ ಪಡಿತರ ಚೀಟಿಯ ಮಟ್ಟಿಗೆ ಮನೆಯ ಮುಖ್ಯಸ್ಥರು 18 ವರ್ಷ ದಾಟಿದ ಹೆಂಗಸರಲ್ಲಿ ಹಿರಿಯಳಾದವಳು. ಇರುವುದರಲ್ಲಿ ಎಲ್ಲರ ತಟ್ಟೆಗೂ ಬರುವಂತೆ ಬಡಿಸುವವಳು ಯಾರು ಎಂಬುದನ್ನು ಕಾನೂನು ಕೊನೆಗೂ ಬರವಣಿಗೆಯಲ್ಲಿ ಒಪ್ಪಿಕೊಂಡಿತು. ಲಂಡನ್ನಿನಲ್ಲಿ ಪೈ ಬೇಯಿಸಿದವಳಿಗೂ, ಕಲ್ಕತ್ತೆಯಲ್ಲಿ ತನ್ನ ಪಾಲಿನ ಗಂಜಿಯನ್ನು ಮಗುವಿನ ಬಾಯಿಗೆ ಹಾಕಿದವಳಿಗೂ ಅದು ಮೊದಲೇ ಗೊತ್ತಿದ್ದ ಸಂಗತಿ.